ಮುಳ್ಳಯ್ಯನಗಿರಿಗಿಂತ ಎತ್ತರದ ರೇಸು

2025ರ ಜೂನ್‌ನಲ್ಲಿ ಮಗನ ಮನೆಗೆಂದು ಮೆಕ್ಸಿಕೊ ನಗರಕ್ಕೆ ಹೋಗಿದ್ದೆ. ಊರು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್! ಕಾರ್ ರೇಸಿನ ಗ್ಯಾಲರಿ ಹತ್ತುವಾಗ ಮೂರು ಕಡೆ ಕೂತೆ. "ವಾಪಸ್ ಹೋಗೋಣ್ವಾ ತಾತ?" ಎಂದ ಮೊಮ್ಮಗ. ಕೇಳಿದ ಮುಖ ಅಳುವಂತಿತ್ತು. ಬೇಡ ಎಂದೆ. ಟಿಕೆಟ್ಟಿನ ದುಡ್ಡೂ ನೆನಪಾಯಿತು, ಬ್ಯಾಂಕಿನವನಲ್ಲವೇ!

ಅಮೆರಿಕದ ನಾಸ್ಕಾರ್ ಕಪ್ ಸರಣಿ ಅಂಕದ ರೇಸಿಗಾಗಿ ದೇಶ ದಾಟಿದ್ದು 1958ರ ನಂತರ ಇದೇ ಮೊದಲು. ಆಗ ಟೊರಾಂಟೊದಲ್ಲಿ ಓಡಿದ್ದು ಗಾಣದೆತ್ತಿನಂತೆ ದುಂಡಗೆ. ಎಡಬಲ ತಿರುವುಗಳ ರಸ್ತೆಯಲ್ಲಿ ಕಪ್ ಸರಣಿಯ ಅಂಕದ ಹೊರದೇಶದ ಓಟ ಇದೇ ಪ್ರಥಮ. ರಾಡ್ರಿಗಸ್ ಸಹೋದರರ ಹೆಸರಿನ ಟ್ರ್ಯಾಕು ಅದು. ಕಿರಿಯವನಾದ ರಿಕಾರ್ಡೊ 1962ರಲ್ಲಿ ಅಲ್ಲೇ ಅಭ್ಯಾಸದಲ್ಲಿ ಮಡಿದಾಗ ಬರೀ 20 ವರ್ಷ.

ತೆಳು ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. "ಕಾರಿಗೂ ನಿನ್ ಥರಾನೇ ಏದುಸಿರು" ಎಂದು ಮೊಮ್ಮಗ ನಕ್ಕ.

ಓಟ ಮಳೆಯಲ್ಲೇ ಶುರುವಾಯಿತು. ಹಿಂದಿನ ದಿನ ಕಿರಿಯ ಸರಣಿಯ ರೇಸನ್ನು ಮೆಕ್ಸಿಕೊದವನೇ ಆದ ಡೇನಿಯಲ್ ಸುವಾರೆಜ್ ಗೆದ್ದಿದ್ದ. ಭಾನುವಾರವೂ ಅವನು ಸ್ವಲ್ಪ ಹೊತ್ತು ಮುಂದಿದ್ದಾಗ ಎದ್ದ ಕೂಗು, ಮಕ್ಕಳೇ, ನಮ್ಮೂರ ತೇರು ಕದಲಿದಾಗ ಏಳುವ ಕೂಗೇ! ಕೊನೆಗೆ ಅವನು ಹಿಂದುಳಿದ. ನ್ಯೂಜಿಲೆಂಡಿನ ಶೇನ್ ವ್ಯಾನ್ ಗಿಸ್ಬರ್ಗನ್ 16 ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಗೆದ್ದ. ಆ ದಿನ ಅವನಿಗೆ ಹೊಟ್ಟೆ ಕೆಟ್ಟಿತ್ತಂತೆ. 100 ಸುತ್ತು ಹೇಗೆ ಕೂತನೋ!

ಇಳಿಯುವಾಗ ಮೆಟ್ಟಿಲು ಒದ್ದೆ. ಗೇಟಿನವರೆಗೂ ಮೊಮ್ಮಗ ನನ್ನ ಕೈ ಬಿಡಲಿಲ್ಲ.