ಬೀದರಿನ ಥಂಡಿಯಲ್ಲಿ ಗುರಿ ಹಿಡಿಯುವ ಕೈ

ಕರ್ನಾಟಕದ ನೆತ್ತಿಯ ಮೇಲಿರುವ ಬೀದರಿಗೆ ಎರಡು ಹೆಸರುಗಳು ಅಂಟಿಕೊಂಡಿವೆ. ಒಂದು ಬಿದರಿ ಕಲೆಯ ಊರು, ಇನ್ನೊಂದು ಥಂಡಿಯ ಊರು. ರಾಜ್ಯದ ಅತಿ ಕಡಿಮೆ ಉಷ್ಣಾಂಶ ಬೀದರಿನಲ್ಲಿ ದಾಖಲಾಯಿತು ಎಂಬ ಸುದ್ದಿ ಎಷ್ಟೋ ಚಳಿಗಾಲಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಕಾಣಿಸುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಹೊತ್ತಿಗೆ ಥಂಡಿ ತನ್ನ ಪೂರ್ಣ ಪ್ರತಾಪ ತೋರಿಸುತ್ತಿರುತ್ತದೆ.

ಇದಕ್ಕೆ ಕಾರಣ ಸರಳ. ಊರು ಸಮುದ್ರ ಮಟ್ಟಕ್ಕಿಂತ ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಹಗಲಿನ ಬಿಸಿಯನ್ನು ರಾತ್ರಿಗೆ ಕಾದಿಡುವ ಕಡಲು ಬಹಳ ದೂರ. ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ. ಹೊದಿಕೆಯಿಲ್ಲದ ನೆಲ ತನ್ನ ಶಾಖವನ್ನೆಲ್ಲ ರಾತ್ರಿಯಿಡೀ ಬಾನಿಗೆ ಬಿಟ್ಟುಕೊಡುತ್ತದೆ. ಬೆಳಗಿನ ಜಾವಕ್ಕೆ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು ಇಲ್ಲಿ ಅಪರೂಪವಲ್ಲ.

ಬಂದೂಕು, ತೋಪುಗಳಿಗೂ ಈ ಊರಿಗೂ ಹಳೆಯ ನಂಟು. ಕೋಟೆಯ ಬುರುಜುಗಳ ಮೇಲೆ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಬಳೆ ತೊಡಿಸಿದ ಭಾರೀ ತೋಪುಗಳು ಇಂದಿಗೂ ಬಾಯ್ದೆರೆದು ಕುಳಿತಿವೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಒಂದು ಪಾರ್ಶ್ವ ಕುಸಿದಿರುವುದಕ್ಕೆ ಸಿಡಿಮದ್ದಿನ ಸ್ಫೋಟವೇ ಕಾರಣವೆಂದು ಹೇಳುತ್ತಾರೆ. ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಇಂದಿಗೂ ಕಾಣುವ ಕೃಷ್ಣಮೃಗಗಳಿಗೆ 1972ರ ವನ್ಯಜೀವಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಈಗ ಯುವಕ ಯುವತಿಯರ ಕಣ್ಣು ನೆಟ್ಟಿರುವುದು ಕಾಗದದ ಗುರಿಹಲಗೆಯ ಮೇಲೆ. ಎನ್‌ಸಿಸಿ ಕೆಡೆಟ್‌ಗಳಿಗೆ .22 ರೈಫಲ್ ಹಿಡಿದು ನೆಲದ ಮೇಲೆ ಬೋರಲು ಮಲಗಿ, ಗುಂಡುಗಳನ್ನು ಒಂದೇ ಗುಂಪಾಗಿ ಬೀಳಿಸುವ ತರಬೇತಿ ಕೊಡುತ್ತಾರೆ. ಮುಂದೆ ಸೈನ್ಯಕ್ಕೋ ಪೊಲೀಸಿಗೋ ಸೇರಬಯಸುವ ಹಳ್ಳಿಯ ಮಕ್ಕಳಿಗೆ ಇದು ಆಟವಷ್ಟೇ ಅಲ್ಲ, ಅನ್ನದ ದಾರಿಯೂ ಹೌದು.

ಕೈ ತಣ್ಣಗಾಗುವುದು ದಾರಿಯಲ್ಲೇ

ಬೀದರಿನಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್. ಔರಾದವೂ ಹೆಚ್ಚುಕಡಿಮೆ ಅಷ್ಟೇ ದೂರ. ಕೋಟೆಯೂ ಭಾಲ್ಕೇಶ್ವರ ಗುಡಿಯೂ ಇರುವ ಭಾಲ್ಕಿಗೆ ರೈಲಾದರೂ ಉಂಟು. ಅಮರೇಶ್ವರನ ಊರಾದ ಔರಾದಕ್ಕೆ ಬಸ್ಸು, ಬೈಕುಗಳೇ ಗತಿ. ಔರಾದದ ದಾರಿ ಮಾಂಜ್ರಾ ನದಿಯನ್ನು ದಾಟಿ ಬರುತ್ತದೆ. ತಂಪಾದ ಗಾಳಿ ಭಾರ. ಅದು ರಾತ್ರಿ ಜಾರಿ ಬಂದು ನದಿಯ ತಗ್ಗಿನಲ್ಲಿ ನಿಲ್ಲುತ್ತದೆ. ನಸುಕಿನಲ್ಲಿ ಬೈಕಿನ ಹಿಂದೆ ಕುಳಿತು ಬರುವವರಿಗೆ ಈ ತಗ್ಗು ಬಂದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಹೀಗೆ ಬಂದಿಳಿದ ಕೈಯಲ್ಲಿ ರೈಫಲ್ ಕೊಟ್ಟರೆ ಗುರಿ ತಪ್ಪುವುದು ಸಹಜ. ‘ಇವನ ಕೈ ನಡುಗುತ್ತದೆ, ಇವನಿಂದ ಆಗದು’ ಎಂದು ತೀರ್ಮಾನಿಸುವುದು ಮಾತ್ರ ಅನ್ಯಾಯ.

ಥಂಡಿ ತಗುಲಿದೊಡನೆ ದೇಹ ಹೃದಯ, ಮೆದುಳುಗಳನ್ನು ಕಾಯಲು ಕೈಕಾಲಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬೆರಳ ತುದಿಗೆ ರಕ್ತ ಕಡಿಮೆಯಾಗಿ ಸ್ಪರ್ಶಜ್ಞಾನ ಮಂಕಾಗುತ್ತದೆ. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಬೆರಳುಗಳಲ್ಲಿ ಸ್ನಾಯುಗಳೇ ಇಲ್ಲ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿವೆ, ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಬೆರಳನ್ನು ಎಳೆಯುತ್ತವೆ. ಆದ್ದರಿಂದ ಮುಂಗೈ ತಣ್ಣಗಾದರೂ ಬೆರಳು ಮಂದವಾಗುತ್ತದೆ. ಕೈಗವಸಿನ ಜೊತೆಗೆ ಉದ್ದ ತೋಳಿನ ಸ್ವೆಟರ್ ಬೇಕೆನ್ನುವುದು ಇದಕ್ಕೇ.

ಬೆರಳು ಮಂಕಾದರೆ ನಷ್ಟವೆಷ್ಟು? ಹೈಸ್ಕೂಲಿನ ಸಮರೂಪ ತ್ರಿಭುಜಗಳ ಲೆಕ್ಕ ಸಾಕು. ರೈಫಲ್ ಒಂದು ಮೀಟರ್ ಉದ್ದವಿದೆ ಎನ್ನೋಣ. ಬುಡ ಅಲುಗದೆ ನಳಿಗೆಯ ತುದಿ ಒಂದೇ ಒಂದು ಮಿಲಿಮೀಟರ್ ಸರಿದರೆ, 25 ಮೀಟರ್ ದೂರದ ಹಲಗೆಯ ಮೇಲೆ ಗುಂಡು 25 ಮಿಲಿಮೀಟರ್ ಸರಿಯುತ್ತದೆ. ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ಮರಗಟ್ಟಿದ ಬೆರಳು ಜಗ್ಗಿತೆಂದರೆ ಆಗುವುದು ಇದೇ. ಅಷ್ಟೇ ಅಲ್ಲ, ಬೆರಳು ಟ್ರಿಗರ್ ಮೇಲಿದೆಯೋ ಇಲ್ಲವೋ ಎಂಬುದೇ ತಿಳಿಯದಾದರೆ ಅದು ಅಂಕದ ಮಾತಲ್ಲ, ಪ್ರಾಣದ ಮಾತು.

ಎರಡು ಕೈ, ಎರಡು ಕೆಲಸ

ಬಲಗೈ ಅಭ್ಯಾಸದವರ ಎಡಗೈ ರೈಫಲನ್ನು ಹೊರುತ್ತದೆ, ಬಲಗೈ ಟ್ರಿಗರ್ ಒತ್ತುತ್ತದೆ. ಕೆಲಸ ಬೇರೆಯಾದ ಮೇಲೆ ಕೈಗವಸೂ ಬೇರೆಯಿರಬೇಕು. ಎಡಗೈಗೆ ದಪ್ಪನೆಯದೇ ಒಳ್ಳೆಯದು. ತೋಳಿಗೆ ಬಿಗಿದ ಸ್ಲಿಂಗ್ ಪಟ್ಟಿ ಮತ್ತು ರೈಫಲಿನ ಭಾರ ಕೈಯನ್ನು ಒತ್ತುತ್ತವೆ. ದಪ್ಪ ಗವಸು ಆ ಒತ್ತಡವನ್ನು ಹಂಚಿ, ನಾಡಿಯ ಮಿಡಿತ ಬಂದೂಕಿಗೆ ದಾಟದಂತೆ ತಡೆಯುತ್ತದೆ. ಅಂತರರಾಷ್ಟ್ರೀಯ ರೈಫಲ್ ಸ್ಪರ್ಧೆಗಳಲ್ಲಿ ಇದಕ್ಕೂ ಮಿತಿಯುಂಟು. ಗವಸಿನ ಮುಂದಿನ ಹಿಂದಿನ ಪದರಗಳು ಸೇರಿ ದಪ್ಪ 12 ಮಿಲಿಮೀಟರ್ ಮೀರಬಾರದು. ಅಂಗೈ ಭಾಗ ಚರ್ಮದ್ದೋ ರಬ್ಬರಿನದೋ ಆಗಿದ್ದರೆ ಹಿಡಿತ ಜಾರುವುದಿಲ್ಲ. ಬರಿ ಉಣ್ಣೆ ಮರದ ಮೇಲೆ ಜಾರುತ್ತದೆ.

ಬಲಗೈಯದು ಬೇರೆ ಮಾತು. ದಪ್ಪ ಉಣ್ಣೆಯ ಬೆರಳು ಟ್ರಿಗರ್ ಸುತ್ತಲಿನ ಲೋಹದ ಬಳೆಯೊಳಗೆ ತುರುಕಿಕೊಂಡರೆ ಬೇಡವೆಂದಾಗಲೂ ಟ್ರಿಗರ್ ಒತ್ತಿಹೋಗಬಹುದು. ಬೀದರಿನ ಥಂಡಿಗೆ ತೋರುಬೆರಳನ್ನು ಬರಿದಾಗಿ ಬಿಡುವುದೇ ಲೇಸು. ಬೆರಳ ತುದಿ ತೆರೆದ ಗವಸಾದರೂ ಸರಿ, ಚರ್ಮಕ್ಕಂಟಿದಂತಿರುವ ತೆಳು ಗವಸಾದರೂ ಸರಿ. ಬಿದರಿ ಕುಶಲಕರ್ಮಿ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುವಾಗ ಬೆರಳ ತುದಿಯನ್ನೇ ನಂಬುತ್ತಾನೆ. ಟ್ರಿಗರಿನ ಮೇಲಿನ ಬೆರಳಿಗೂ ಅದೇ ಸೂಕ್ಷ್ಮ ಬೇಕು.

ಹಾಗಾದರೆ ಬಲಗೈ ಬೆಚ್ಚಗಿರುವುದು ಹೇಗೆ? ಉತ್ತರ ಗುಂಡು ಹಾರಿಸುವ ಹೊತ್ತಿನಲ್ಲಿಲ್ಲ, ಅದರ ಹಿಂದಿನ ಒಂದೆರಡು ಗಂಟೆಯಲ್ಲಿದೆ. ದಾರಿಯಲ್ಲಿ, ಸರದಿಗಾಗಿ ಕಾಯುವಾಗ ದಪ್ಪ ಗವಸು ಹಾಕಿರಬೇಕು. ನಾಲ್ಕು ಬೆರಳೂ ಒಂದೇ ಚೀಲದಲ್ಲಿರುವ ಗವಸು ಸಿಕ್ಕರೆ ಇನ್ನೂ ಒಳ್ಳೆಯದು. ಬೆರಳುಗಳು ಪರಸ್ಪರ ಶಾಖ ಹಂಚಿಕೊಳ್ಳುತ್ತವೆ. ಸರದಿ ಬಂದಾಗ ಅದನ್ನು ತೆಗೆದರಾಯಿತು. ಹಿಮದ ಮೇಲೆ ಜಾರುತ್ತ ಬಂದು .22 ರೈಫಲಿನಿಂದ 50 ಮೀಟರ್ ದೂರದ ಗುರಿ ಹೊಡೆಯುವ ಬಯಾಥ್ಲಾನ್ ಆಟದಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ಸ್ಪರ್ಧೆಯನ್ನೇ ಶುರು ಮಾಡುವುದಿಲ್ಲ. ಅಂಥ ಥಂಡಿಯ ಮುಂದೆ ಬೀದರಿನದು ಎಳೆಗೂಸು. ಇಲ್ಲಿ ದುಬಾರಿ ಗವಸಿಗಿಂತ ಮುಂದಾಲೋಚನೆ ಮುಖ್ಯ.

ಪೇಟೆಯಲ್ಲಿ ಕೊಳ್ಳುವಾಗ

ಗವಸು ತೊಟ್ಟು ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಿ ನೋಡಬೇಕು, ಅಂಗಿಯ ಗುಂಡಿ ಹಾಕಿ ನೋಡಬೇಕು. ಎರಡೂ ಸಾಧ್ಯವಾದರೆ ಅದು ಬಲಗೈಗೆ ಯೋಗ್ಯ. ಬೆರಳ ತುದಿಯಲ್ಲಿ ಖಾಲಿ ಬಟ್ಟೆ ಜೋಲಬಾರದು. ಮುಷ್ಟಿ ಕಟ್ಟಿದರೆ ಬಿಗಿಯಲೂಬಾರದು, ಬಿಗಿದರೆ ರಕ್ತ ಓಡುವುದಿಲ್ಲ. ಮಣಿಕಟ್ಟು ಪೂರ್ತಿ ಮುಚ್ಚಬೇಕು, ಅಲ್ಲಿ ರಕ್ತನಾಳಗಳು ಚರ್ಮಕ್ಕೆ ಸಮೀಪ ಇರುತ್ತವೆ. ಹತ್ತಿಯ ಗವಸು ಇಬ್ಬನಿಗೋ ಬೆವರಿಗೋ ನೆನೆದರೆ ಪ್ರಯೋಜನವಿಲ್ಲ. ಕೈಯನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ, ಆ ಜಾಗಕ್ಕೆ ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುವ ನೀರು ಬಂದು ಕೂರುತ್ತದೆ. ನೈಲಾನ್, ಅಕ್ರಿಲಿಕ್ ಗವಸು ತೊಟ್ಟು ಬೆಂಕಿ ಕಾಯಿಸುವುದು ಅಪಾಯ, ಅದು ಕರಗಿ ಚರ್ಮಕ್ಕೆ ಅಂಟೀತು. ಕೊನೆಯ ಪರೀಕ್ಷೆ ರೇಂಜಿನಲ್ಲಿ. ತರಬೇತುದಾರರ ಎದುರು, ಖಾಲಿ ರೈಫಲಿನಲ್ಲಿ ಬೆರಳು ಏನನ್ನೂ ತಗುಲದೆ ಒಳಹೋಗಿ ಹೊರಬರಬೇಕು.

ಎರಡು ಜೊತೆ ಕೊಳ್ಳಲಾಗದ ಮನೆಗಳು ಭಾಲ್ಕಿ, ಔರಾದದ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಅವರಿಗೆ ಅಜ್ಜಿಯ ಕಂಬಳಿಯ ತುಂಡಿನಲ್ಲಿ ಹೊಲಿದ ಚೀಲವೂ ದಾರಿಯ ಗವಸಾಗುತ್ತದೆ. ಅದೂ ಇಲ್ಲದಿದ್ದರೆ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡರಾಯಿತು. ರೇಂಜಿನಲ್ಲಿರುವ ಹಿರಿಯರು ದೂರದಿಂದ ಬಂದ ಮಕ್ಕಳ ಸರದಿಯನ್ನು ಕೊನೆಗಿಟ್ಟು, ಬಿಸಿಲೇರಿ ಬೆರಳಿಗೆ ರಕ್ತ ಮರಳುವ ತನಕ ಕಾದರೆ ಅದಕ್ಕಿಂತ ಒಳ್ಳೆಯ ಕೈಗವಸು ಬೇರಿಲ್ಲ.