ಬಾನಬಂಡಿಯ ಗಾಲಿಗಳು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮಗನನ್ನೋ ಅಳಿಯನನ್ನೋ ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿ ದಾರಿ ಕಾಯುವ ಮನೆಗಳು ಅನೇಕ. ಘಟ್ಟದ ಮೇಲಿನಿಂದ ಬಂದು ಹೊನ್ನಾವರದಲ್ಲಿ ನೆಲೆಸಿದ ನಮ್ಮ ಮನೆಯೂ ಅವುಗಳಲ್ಲೊಂದು. ಮಂಗಳೂರಿನಲ್ಲೋ ಗೋವೆಯಲ್ಲೋ ವಿಮಾನವೇರಿದ ಮಗ ಶಾರ್ಜಾ ತಲುಪಿ ದೂರವಾಣಿ ಮಾಡುವವರೆಗೆ ನನ್ನ ಮಡದಿ ಊಟಕ್ಕೆ ಏಳುವುದಿಲ್ಲ.

2024ರ ಅಕ್ಟೋಬರ್ 11, ಆಯುಧಪೂಜೆಯ ದಿನ. ಅಂದು ಸಂಜೆ 141 ಪ್ರಯಾಣಿಕರೊಡನೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನದಲ್ಲಿ ಹೈಡ್ರಾಲಿಕ್ ದೋಷ ಕಾಣಿಸಿಕೊಂಡಿತು. ಎರಡು ಗಂಟೆಗೂ ಮಿಕ್ಕಿ ಆಗಸದಲ್ಲಿ ಸುತ್ತಿದ ಬಳಿಕ ಅದು ತಿರುಚಿರಾಪಳ್ಳಿಯಲ್ಲಿಯೇ ಸುರಕ್ಷಿತವಾಗಿ ಇಳಿಯಿತು. ಸುದ್ದಿ ಕೇಳಿದ ಮಡದಿ, “ಅಲ್ಲರೀ, ಗಾಲಿಗಳೇ ಹೊರಬರದಿದ್ದರೆ ಏನು ಗತಿ?” ಎಂದಳು. ಅವಳ ಈ ಪ್ರಶ್ನೆ ಅನೇಕ ತಾಯಂದಿರ ಪ್ರಶ್ನೆಯೂ ಹೌದು.

ಕೊಳವೆಗಳಲ್ಲಿ ತುಂಬಿದ ದ್ರವವನ್ನು ಪಂಪಿನಿಂದ ಒತ್ತಿ, ಆ ಒತ್ತಡದಿಂದ ಭಾರವಾದ ಅಂಗಗಳನ್ನು ಚಲಿಸುವಂತೆ ಮಾಡುವುದೇ ಹೈಡ್ರಾಲಿಕ್ ಕ್ರಮ. ಜೆಸಿಬಿ ಯಂತ್ರದ ತೋಳು ಏಳುವುದೂ ಹೀಗೆಯೇ. ಬೋಯಿಂಗ್ 737ರಲ್ಲಿ ಇಂತಹ ಎರಡು ಮುಖ್ಯ ವ್ಯವಸ್ಥೆಗಳೂ ಒಂದು ಮೀಸಲು ವ್ಯವಸ್ಥೆಯೂ ಇವೆ. ಗಾಲಿಗಳನ್ನು ಇಳಿಸುವುದು ಮುಖ್ಯವಾದವುಗಳಲ್ಲಿ ಒಂದರ ಕೆಲಸ. ಅದು ಕೈಕೊಟ್ಟರೂ ದಾರಿಯುಂಟು. ಚಾಲಕರ ಕೋಣೆಯ ನೆಲದಲ್ಲಿ ಒಂದು ಮುಚ್ಚಳ, ಅದರಡಿ ಮೂರು ಹಿಡಿಕೆಗಳು. ಅವನ್ನೆಳೆದರೆ ಗಾಲಿಗಳನ್ನು ಮೇಲೆ ಹಿಡಿದಿಟ್ಟ ಕೊಂಡಿಗಳು ಕಳಚಿ, ಗಾಲಿಗಳು ತಮ್ಮ ಭಾರದಿಂದಲೇ ಕೆಳಗಿಳಿದು ಭದ್ರವಾಗಿ ನಿಲ್ಲುತ್ತವೆ. ಇನ್ನು, ಈ ವಿಮಾನದಲ್ಲಿ ಇಂಧನವನ್ನು ಆಗಸದಲ್ಲಿ ಚೆಲ್ಲುವ ಏರ್ಪಾಡಿಲ್ಲ. ಸುತ್ತಿ ಸುತ್ತಿ ಉರಿಸಿ ಭಾರ ತಗ್ಗಿಸಿಕೊಂಡೇ ಇಳಿಯಬೇಕು. ನೋಡುವವರಿಗೆ ಭಯ ಹುಟ್ಟಿಸುವ ಆ ಸುತ್ತಾಟ ವಾಸ್ತವವಾಗಿ ಎಚ್ಚರಿಕೆಯ ಕ್ರಮ.

ಆದರೆ ಮೀಸಲು ಇದ್ದರಷ್ಟೇ ಸಾಲದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನಾವು ಮರೆತಿಲ್ಲ. ಒಂದೇ ದಾರಿಯಲ್ಲಿ ಮೂರು ಬಸ್ಸುಗಳಿದ್ದರೂ ಗುಡ್ಡ ಕುಸಿದಾಗ ಮೂರೂ ನಿಲ್ಲುತ್ತವೆ. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಸಂಸ್ಥೆಯ ಡಿಸಿ-10 ವಿಮಾನಕ್ಕೆ ಒದಗಿದ್ದೂ ಇದೇ. ಬಾಲದ ಎಂಜಿನ್ ಒಡೆದು ಸಿಡಿದ ಚೂರುಗಳಿಂದ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಒಟ್ಟಿಗೇ ಬರಿದಾದುವು. ಮೂರರ ಕೊಳವೆಗಳೂ ಬಾಲದಲ್ಲಿಯೇ ಹಾದುಹೋಗಿದ್ದುವು. ಉಳಿದ ಎರಡು ಎಂಜಿನ್‌ಗಳ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುತ್ತಲೇ ಚಾಲಕರು ಅದನ್ನು ಸೂ ಸಿಟಿಗೆ ತಂದರು. ಆಗಲೂ ಗಾಲಿಗಳು ಸ್ವಂತ ಭಾರದಿಂದ ಇಳಿದುವು. ವಿಮಾನ ನೆಲಕ್ಕಪ್ಪಳಿಸಿ, 296 ಮಂದಿಯಲ್ಲಿ 112 ಮಂದಿ ಅಸುನೀಗಿದರು. 184 ಮಂದಿ ಬದುಕುಳಿದರು.

ಇದನ್ನೆಲ್ಲ ಮಡದಿಗೆ ವಿವರಿಸಿದಾಗ ಅವಳು ಕೇಳಿದ್ದು ಒಂದೇ ಮಾತು: “ಆ ಕೊಂಡಿಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವವರು ಯಾರು?”

ಮೀಸಲಿನ ನಿಜವಾದ ಬಲ ಇರುವುದು ಅಲ್ಲಿಯೇ. ವರ್ಷಗಟ್ಟಲೆ ಬಳಕೆಗೆ ಬಾರದ ಭಾಗವನ್ನೂ ದೀಪ ಹಿಡಿದು ಪರೀಕ್ಷಿಸಿ, ಕೀಲೆಣ್ಣೆ ಹಾಕಿ, ಸಹಿ ಮಾಡುವ ತಂತ್ರಜ್ಞನ ಮುಖವನ್ನು ಯಾವ ಪ್ರಯಾಣಿಕನೂ ಕಂಡಿರುವುದಿಲ್ಲ. ಕಾಣದ ಕಡೆಯಲ್ಲೂ ಕೈ ತಪ್ಪದಿರುವುದೇ ಕಾಯಕ. ಮಗ ಪ್ರಯಾಣ ಹೊರಟ ದಿನ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗ, ಆ ಅಪರಿಚಿತ ಕೈಗಳಿಗೂ ಒಳಿತನ್ನು ಬೇಡುವುದು ಈಗ ನಮ್ಮ ಮನೆಯ ರೂಢಿಯಾಗಿದೆ.