ಮ್ಯೂನಿಕ್‌ನಲ್ಲೊಂದು ಒಳಬಾಡಿಗೆಯ ಗೂಡು

ಮಕ್ಕಳನ್ನು ಜರ್ಮನಿಗೆ ಓದಲು ಕಳಿಸುವ ಮನೆಗಳು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಇವೆ. ಚಟ್ನಿಪುಡಿ, ಹಪ್ಪಳ, ಸ್ವೆಟರು ಎಲ್ಲಾ ನೆನಪಿಟ್ಟು ಕಟ್ಟುತ್ತೇವೆ. ಇರೋದೆಲ್ಲಿ ಅಂದರೆ ಮಾತ್ರ, "ಹಾಸ್ಟೆಲ್ ಇರುತ್ತಲ್ಲ" ಅಂದುಬಿಡುತ್ತೇವೆ. ಹಾಗಲ್ಲ ಕಣ್ರೀ! ಮ್ಯೂನಿಕ್‌ನಲ್ಲಿ ಸೀಟು ಸಿಕ್ಕಿದ ಮಾತ್ರಕ್ಕೆ ಹಾಸ್ಟೆಲ್ ಸಿಕ್ಕಿತು ಅಂತಲ್ಲ. ಹೆಚ್ಚಿನ ಹಾಸ್ಟೆಲುಗಳನ್ನು ನಡೆಸುವುದು ಕಾಲೇಜಲ್ಲ, ಷ್ಟುಡೀರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಕಲ್ಯಾಣ ಸಂಸ್ಥೆ. ಅದರ ಪಟ್ಟಿಯಲ್ಲಿ ಹೆಸರು ಬರೆಸಿ ಸೆಮಿಸ್ಟರುಗಟ್ಟಲೆ ಕಾಯಬೇಕು.

ಅಲ್ಲಿಯವರೆಗೆ ಒಳಬಾಡಿಗೆಯೇ ಗತಿ. ತರಬೇತಿಗೆಂದು ಬೇರೆ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಕೋಣೆಯನ್ನು ಮಂಚ, ಮೇಜು ಸಮೇತ ಕೆಲವು ತಿಂಗಳ ಮಟ್ಟಿಗೆ ಇನ್ನೊಬ್ಬರಿಗೆ ಕೊಡುತ್ತಾರೆ. ಆಗಸ್ಟ್-ಸೆಪ್ಟೆಂಬರ್ ರಜೆಯಲ್ಲಿ ಸ್ವಲ್ಪ ಸುಲಭವಾಗಿ ಸಿಗುತ್ತವೆ. ಅಕ್ಟೋಬರಿನಲ್ಲಿ ಹೊಸ ವಿದ್ಯಾರ್ಥಿಗಳ ದಂಡೇ ಬಂದಿಳಿಯುತ್ತದೆ. ಬಿಯರ್ ಜಾತ್ರೆಯೂ ಅದೇ ಹೊತ್ತಿಗೆ. ಆಗ ಕೇಳಲೇಬೇಡಿ.

ಕಳೆದ ಬೇಸಿಗೆಯಲ್ಲಿ ಮಗಳನ್ನು ನೋಡಲು ಹೋದಾಗ ಅವಳ ಒಳಬಾಡಿಗೆಯ ಗೂಡನ್ನು ಕಂಡೆ. ಅದು ಒಲಿಂಪಿಕ್ ಗ್ರಾಮದಲ್ಲಿದೆ. 1972ರ ಒಲಿಂಪಿಕ್ಸಿಗೆ ಬಂದ ಮಹಿಳಾ ಕ್ರೀಡಾಪಟುಗಳು ತಂಗಿದ್ದ ಜಾಗ, ಆಮೇಲೆ ವಿದ್ಯಾರ್ಥಿಗಳ ಪಾಲಾಯಿತು. ಹಳೆಯ ಮನೆಗಳಲ್ಲಿ ಬಹುಪಾಲನ್ನು ಕೆಡವಿ, 2010ರ ಹೊತ್ತಿಗೆ ಹೊಸದಾಗಿ ಕಟ್ಟಿದ್ದಾರೆ. ಸಾವಿರಕ್ಕೂ ಹೆಚ್ಚು ಪುಟ್ಟ ಪುಟ್ಟ ಮನೆಗಳು, ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ! ಕೆಳಗೆ ಬಚ್ಚಲು, ಅಡಿಗೆಯ ಮೂಲೆ. ಮೇಲೆ ಮಂಚ, ಮೇಜು, ಒಂದು ಅಂಗೈಯಗಲ ತಾರಸಿ. ಮುಂಗೋಡೆಗೆ ಅವರವರೇ ಬಣ್ಣ ಬಳಿದು ಚಿತ್ರ ಬರೆಯುತ್ತಾರೆ. ಒಂದರ ಮೇಲೆ ಮೀನು, ಇನ್ನೊಂದರ ಮೇಲೆ ಹುಲಿ. ನಮ್ಮವಳದು ಬರೀ ನೀಲಿ, ಹಳೇ ಹುಡುಗಿ ಬಳಿದದ್ದು.

ಇದು ಸಿಗುವ ಮುಂಚೆ ಒಬ್ಬಾತ ಬಾಡಿಗೆ ಕಡಿಮೆ ಹೇಳಿ, "ಕಾಗದಗೀಗದ ಕೇಳಬೇಡ" ಅಂದನಂತೆ. ಮಗಳು ಒಲ್ಲೆ ಅಂದು, ಒಂಬತ್ತು ದಿನ ಗೆಳತಿಯ ಕೋಣೆಯ ನೆಲದ ಮೇಲೆ ಮಲಗಿದಳು. ಇಲ್ಲಿ ನನಗೆ ನಿದ್ದೆಯಿಲ್ಲ, "ಸಿಕ್ಕಿದ್ದು ಹಿಡ್ಕೊಳ್ಳೇ" ಅಂತ ನಾನು. ಅವಳು ಹೇಳಿದ್ದನ್ನು ನೀವೂ ಗಮನವಿಟ್ಟು ಕೇಳಿ. ಅಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಕೋಣೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. 2015ರ ನವೆಂಬರಿನಿಂದ ಇದು ಕಡ್ಡಾಯ. ವಾಸದ ಪರವಾನಗಿಗೆ ಆ ನೋಂದಣಿ ಬೇಕು, ಬ್ಯಾಂಕಿನವರೂ ಬಹುಮಟ್ಟಿಗೆ ಅದನ್ನೇ ಕೇಳುತ್ತಾರೆ. ಕಾಗದವಿಲ್ಲದ ಅಗ್ಗದ ಕೋಣೆ ಕಟ್ಟಿಕೊಂಡು ಏನು ಮಾಡೋದು?

ಇನ್ನೊಂದು ವಿಷಯ. ಹಾಸ್ಟೆಲ್ ಕೋಣೆಯನ್ನು ಒಳಬಾಡಿಗೆಗೆ ಕೊಡಲು ಆಡಳಿತದವರ ಒಪ್ಪಿಗೆ ಇರಬೇಕು. ಆ ಒಪ್ಪಿಗೆಪತ್ರವನ್ನು ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಠೇವಣಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ, ಕಾನೂನೇ ಇದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಳಲಿದ ನಮ್ಮವರಿಗೆ ಇದು ಕೇಳಿ ಬಲು ಸಂತೋಷ! "ನಾನು ಪರದೇಶದಲ್ಲಿದ್ದೇನೆ, ಹಣ ಕಳಿಸಿ, ಬೀಗದಕೈ ಪೋಸ್ಟಿನಲ್ಲಿ ಬರುತ್ತೆ" ಅನ್ನುವವರಿಗಂತೂ ಒಂದು ಕಾಸೂ ಕಳಿಸಬೇಡಿ. ಆ ಊರಿನಲ್ಲಿ ಗುರುತಿನವರು ಯಾರಾದರೂ ಇದ್ದರೆ ಕೋಣೆ ನೋಡಿ ಬರಲಿ.

ಅಡಿಗೆ ಮಾತು ಬಿಟ್ಟರೆ ನಮ್ಮ ಪತ್ರಿಕೆ ಆದೀತೇ? ಕೋಣೆಯ ಸೂರಿನಲ್ಲಿ ಹೊಗೆ ಕಂಡರೆ ಕಿರುಚುವ ಒಂದು ಯಂತ್ರ ಇರುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೂ ಅದಕ್ಕೂ ಹುಟ್ಟು ಹಗೆ. ಮೊದಲು ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ತಕ್ಷಣ ಸಾರಿಗೆ ಸುರಿಯಬೇಕು. ಮೆಣಸಿನಕಾಯನ್ನು ಸಾರಿನಲ್ಲೇ ಬೇಯಿಸಿದರೆ ಘಾಟೇ ಇಲ್ಲ.

ಸೆಪ್ಟೆಂಬರ್ 30ಕ್ಕೆ ಆ ಹುಡುಗಿ ವಾಪಸ್ ಬರುವವಳಿದ್ದಳು. ಪಟ್ಟಿಯಲ್ಲಿ ನಮ್ಮವಳ ಸರದಿ ಬಂದಿರಲಿಲ್ಲ. ಜುಲೈನಲ್ಲೇ ಮುಂದಿನ ಕೋಣೆ ಹುಡುಕಲು ಶುರುಮಾಡಿದ್ದಳು. ಬರುವಾಗ ನಾನು ಅವಳ ದೊಡ್ಡ ಕುಕ್ಕರನ್ನು ಊರಿಗೆ ಹೊತ್ತು ತಂದೆ. ಪದೇ ಪದೇ ಸಾಗಿಸೋದಕ್ಕೆ ಚಿಕ್ಕದೊಂದು ಸಾಕು.